ತೇಪೆಯ ಕೆಳಗಿನ ತುಕ್ಕು: ಹಳೆಯ ಪಿಕಪ್ಪಿನ ಚಾಸಿಯನ್ನು ಸರಿಪಡಿಸಿದ ಬಗೆ

ಆ ಪಿಕಪ್ಪಿನ ನಂಬರ್ ಪ್ಲೇಟಿನ ಮೇಲೆ ಕೆಎ-30 ಎಂದಿತ್ತು. ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63, ಗದಗಿನ ಕೆಎ-26, ಹಾವೇರಿಯ ಕೆಎ-27 ಇವೇ ಹೆಚ್ಚಾಗಿ ಓಡಾಡುವ ನಮ್ಮ ಕಡೆ ಕೆಎ-30 ಎಂದರೆ ಕಾರವಾರದ ಗಾಡಿ. ಕಾರವಾರದ ಹಳೆಯ ಪಿಕಪ್ ಹುಬ್ಬಳ್ಳಿಗೆ ಏನನ್ನು ಹೊತ್ತು ತರುತ್ತಿದ್ದಿರಬಹುದು ಎಂದು ಕೊಳ್ಳುವ ದಿನವೇ ಒಂದು ನಿಮಿಷ ನಿಂತು ಯೋಚಿಸಿದ್ದರೆ ಮುಂದಿನ ಹತ್ತೊಂಬತ್ತು ದಿನಗಳ ಕೆಲಸ ನನಗೆ ತಪ್ಪುತ್ತಿತ್ತು. 2009ರ ಮಾಡೆಲ್ಲಿನ ಆ ಗಾಡಿಯನ್ನು ನಾನು 2022ರ ಡಿಸೆಂಬರ್‌ನಲ್ಲಿ ಮೆಣಸಿನಕಾಯಿ ಸುಗ್ಗಿಗೆಂದು ಕೊಂಡೆ. ಎಂಜಿನ್ನು ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು, ಟೈರುಗಳು ಚೆನ್ನಾಗಿದ್ದವು, ಬಗ್ಗಿ ನೋಡಿದರೆ ಚಾಸಿ, ಅಂದರೆ ಗಾಡಿಯನ್ನೆಲ್ಲ ಹೊರುವ ಎರಡು ಉದ್ದ ತೊಲೆಗಳ ಕಬ್ಬಿಣದ ಚೌಕಟ್ಟು, ಹೊಸ ಕಪ್ಪು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಹದಿಮೂರು ವರ್ಷದ ಗಾಡಿಯ ಹೊಟ್ಟೆಯ ಕೆಳಗೆ ಮಾತ್ರ ಬಣ್ಣ ಹೊಸದಾಗಿರುವುದು ಅನುಮಾನಕ್ಕೆ ಕಾರಣವಾಗಬೇಕಿತ್ತು. ನಾನು ಅದನ್ನು ಒಳ್ಳೆಯ ಗುಣವೆಂದು ಲೆಕ್ಕಕ್ಕೆ ಹಿಡಿದೆ. ಗಾಡಿ ಯಾವ ಕಂಪನಿಯದು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ತಪ್ಪು ಮಾಡಿದವರಲ್ಲಿ ಕಂಪನಿ ಇಲ್ಲ.

ಕುಂದಗೋಳ ತಾಲೂಕಿನ ನಮ್ಮ ಊರಿನಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವಷ್ಟು ದಿನ ಏನೂ ಗೊತ್ತಾಗಲಿಲ್ಲ. ಮೆಣಸಿನಕಾಯಿ ಚೀಲ ಜಾಗ ತುಂಬುತ್ತದೆಯೇ ಹೊರತು ತೂಕ ತೂಗುವುದಿಲ್ಲ. ಮಾರ್ಚ್ ಕೊನೆಯಲ್ಲಿ ಐವತ್ತು ಕಿಲೋದ ಇಪ್ಪತ್ತನಾಲ್ಕು ಗೊಬ್ಬರದ ಚೀಲ, ಅಂದರೆ 1,200 ಕಿಲೋ, ಹೇರಿಕೊಂಡು ಬರುವಾಗ ಹಳ್ಳದ ಸಿಡಿಯ (ಕಿರುಸೇತುವೆಯ) ಮೇಲೆ ಹಿಂದಿನಿಂದ ‘ಟಕ್’ ಎಂದು ಒಂದು ಸದ್ದು ಬಂತು. ಮನೆಗೆ ಬಂದು ಸುತ್ತ ನೋಡಿದರೆ ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಕೆಳಗಡೆ ಮೂರು ಬೆರಳು ಹಿಡಿಯುವ ಸಂದು ಮೇಲ್ಗಡೆ ಎರಡೇ ಬೆರಳಿಗೆ ಇಳಿದಿತ್ತು. ಬಲಗಡೆ ಹೀಗಿರಲಿಲ್ಲ, ಎಡಗಡೆ ಮಾತ್ರ. ಕ್ಯಾಬಿನ್ನೂ ಬಾಡಿಯೂ ಒಂದರ ಕಡೆಗೊಂದು ವಾಲುತ್ತಿವೆ ಎಂದರೆ ಅವೆರಡನ್ನೂ ಹೊತ್ತ ತೊಲೆ ನಡುವೆ ಕುಸಿಯುತ್ತಿದೆ ಎಂದೇ ಅರ್ಥ.

ಊರಿನ ಮೆಕ್ಯಾನಿಕ್ಕು ಕೆಳಗೆ ಮಲಗಿ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋದ. ಮುಂದುಗಡೆ ದೇವಸ್ಥಾನದ ಗಂಟೆಯಂತೆ ‘ಟಣ್’ ಎನ್ನುತ್ತಿದ್ದ ಕಬ್ಬಿಣ, ಎಡಗಡೆಯ ಹಿಂದಿನ ಪಾಟಾದ (ಪಟ್ಟಿ ಸ್ಪ್ರಿಂಗಿನ) ಮುಂದಿನ ಹ್ಯಾಂಗರ್, ಅಂದರೆ ಪಾಟಾವನ್ನು ತೊಲೆಗೆ ಹಿಡಿದಿಡುವ ಬ್ರಾಕೆಟ್ಟಿನ ಹತ್ತಿರ ಬರುತ್ತಲೇ ಒದ್ದೆ ಹಲಗೆಯಂತೆ ‘ಡಬ್’ ಎಂದಿತು. ಅವನು ಸುತ್ತಿಗೆ ಕೆಳಗಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿದ. ಅದು ಹಿಡಿಯ ತನಕ ಒಳಗೆ ಹೋಯಿತು. “ಅಣ್ಣಾರ, ಇದು ಚಾಸಿ ಅಲ್ರೀ, ಹಪ್ಪಳ ಆಗೇತಿ” ಎಂದ.

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿ ನಿವೃತ್ತರಾದ ನನ್ನ ಹಿರಿಯ ಸ್ನೇಹಿತರೊಬ್ಬರು ತಾರಿಹಾಳದ ಹತ್ತಿರ ಒಂದು ಶೆಡ್ ಇಟ್ಟುಕೊಂಡಿದ್ದಾರೆ. ಗಾಡಿಯನ್ನು ಖಾಲಿ ಮಾಡಿ ನಿಧಾನಕ್ಕೆ ಅಲ್ಲಿಗೆ ಒಯ್ದೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಕೆಲವು ವರ್ಷ ಫ್ಯಾಬ್ರಿಕೇಶನ್ ಮಾಡಿದವನಾದ್ದರಿಂದ ವೆಲ್ಡಿಂಗ್ ಹೊಸದಲ್ಲ. ಆದರೆ ಗೇಟಿನ ವೆಲ್ಡಿಂಗ್ ಬೇರೆ, ಭಾರ ಹೊರುವ ತೊಲೆಯ ವೆಲ್ಡಿಂಗ್ ಬೇರೆ. ನಾನು ತಲೆಯ ಮೇಲೆ ಕೈಹೊತ್ತು ಕುಳಿತದ್ದನ್ನು ನೋಡಿ ಅವರು, “ಮೊದಲ ಅಳತಿ ಮಾಡ್ರಿ, ಅಳೂದು ಆಮ್ಯಾಲೆ” ಎಂದರು.

ಬಾಡಿಯ ಹಲಗೆ ಕಿತ್ತ ಕೂಡಲೇ ಕಾರಣ ವಾಸನೆಯಿಂದಲೇ ಗೊತ್ತಾಯಿತು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿಗೆ ಬರುವ ದಾರಿಯುದ್ದಕ್ಕೂ ಮೀನಿನ ಬುಟ್ಟಿಗಳ ಮಂಜು ಕರಗುತ್ತ ಬರುತ್ತದೆ. ಆ ಉಪ್ಪುನೀರು ಹಲಗೆಯ ಸಂದಿನಲ್ಲಿ ಇಳಿದು, ಬಾಡಿಗೂ ಚಾಸಿಗೂ ನಡುವೆ ಇಟ್ಟ ಕಟ್ಟಿಗೆಯ ಪಟ್ಟಿಯನ್ನು ನೆನೆಸಿ, ಅಲ್ಲಿಂದ ತೊಲೆಯ ಒಳಗೆ ಹನಿಹನಿಯಾಗಿ ಬಿದ್ದಿದೆ. ಬರಿಯ ನೀರು ಒಣಗಿದರೆ ತುಕ್ಕಿನ ಕೆಲಸ ನಿಲ್ಲುತ್ತದೆ. ಉಪ್ಪು ಹಾಗೆ ನಿಲ್ಲಲು ಬಿಡುವುದಿಲ್ಲ, ಏಕೆಂದರೆ ಗಾಳಿಯ ತೇವ ಶೇಕಡ 75ರ ಸುಮಾರಿಗೆ ಏರಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ತಾನೇ ಕರಗುತ್ತದೆ. ಕರಾವಳಿಯಲ್ಲಿ ಇದು ದಿನದ ಹವೆ, ನಮ್ಮಲ್ಲಿ ಮಳೆಗಾಲದ ಹವೆ. ಅದರ ಮೇಲೆ ಈ ಸುಗ್ಗಿಯಲ್ಲಿ ನಮ್ಮ ಎರೆಮಣ್ಣು ಬೇರೆ ಸೇರಿತ್ತು. ಎರೆ ಒಮ್ಮೆ ಒದ್ದೆಯಾಗಿ ಇಂಗ್ಲಿಷಿನ ‘ಸಿ’ ಆಕಾರದ ತೊಲೆಯ ಕೆಳಮಡಿಕೆಯಲ್ಲಿ ಕೂತರೆ ಹೊರಗೆ ಬಿರುಕುಬಿಟ್ಟು ಒಣಗಿದಂತೆ ಕಂಡರೂ ಕಬ್ಬಿಣಕ್ಕೆ ಅಂಟಿದ ಒಳಪದರ ತಂಪಾಗಿಯೇ ಇರುತ್ತದೆ. ಸ್ನೇಹಿತರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಹಳೆಯ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆಯ) ಬೋಗಿಗಳಲ್ಲಿ ಪಾಯಿಖಾನೆಯ ಕೆಳಗಿನ ಸೋಲ್ ಬಾರ್, ಅಂದರೆ ತಳದ ಉದ್ದ ತೊಲೆ, ಮತ್ತು ಬಾಗಿಲ ಬುಡಗಳೇ ಮೊದಲು ತಿಂದುಹೋಗುತ್ತಿದ್ದವು, ತಮ್ಮ ಅರ್ಧ ಆಯುಷ್ಯ ಅವನ್ನು ಕತ್ತರಿಸಿ ಕೂಡಿಸುವುದರಲ್ಲೇ ಕಳೆಯಿತು ಎಂದು ಅವರು ಹೇಳಿದರು.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಿತಿ ಹಾಕಿಕೊಂಡೆವು. ಎರಡೂ ತೊಲೆಗಳು ಕೆಟ್ಟಿದ್ದರೆ, ಅಥವಾ ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗಕ್ಕೆ ತುಕ್ಕು ತಲುಪಿದ್ದರೆ ಗಾಡಿಯನ್ನು ಗುಜರಿಗೆ ಕಳಿಸುವುದು. ಒಂದು ತೊಲೆಯ ಒಂದು ಜಾಗವಾದರೆ ರಿಪೇರಿ. ಚಾಸಿಯನ್ನೇ ಬದಲಾಯಿಸಬಹುದಲ್ಲ ಎಂದು ಕೇಳಿದವರಿದ್ದಾರೆ. ಚಾಸಿ ನಂಬರು ಕೊರೆದಿರುವುದು ತೊಲೆಯ ಮೇಲೆಯೇ ಆದ್ದರಿಂದ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು, ಅಷ್ಟಾಗಿ ಸಿಗುವ ಇನ್ನೊಂದು ಹಳೆಯ ಚಾಸಿ ಇದಕ್ಕಿಂತ ಚೆನ್ನಾಗಿರುತ್ತದೆ ಎಂಬ ಭರವಸೆಯೂ ಇಲ್ಲ. ಅದೇ ಕಾರಣಕ್ಕೆ ನಂಬರು ಕೊರೆದ ಜಾಗಕ್ಕೆ ಮೊದಲ ದಿನವೇ ಗ್ರೀಸ್ ಹಚ್ಚಿ, ಮೇಲೆ ರಟ್ಟು ಕಟ್ಟಿ, ಗ್ರೈಂಡರ್ ಅತ್ತ ಹೋಗದಂತೆ ಮಾಡಿದೆವು.

ಬಿಚ್ಚುವ ಕೆಲಸ ಎರಡೂವರೆ ದಿನ ಹಿಡಿಯಿತು. ಬ್ಯಾಟರಿಯ ಎರಡೂ ತಂತಿ ಮತ್ತು ಆಲ್ಟರ್ನೇಟರ್ ಜೋಡಣೆ ತೆಗೆದು, ಡೀಸೆಲ್ ಟ್ಯಾಂಕ್ ಇಳಿಸಿ ಶೆಡ್ಡಿನ ಹೊರಗೆ ದೂರ ಇಟ್ಟು, ತೊಲೆಯ ಗುಂಟ ಹೋಗುವ ಬ್ರೇಕ್ ಪೈಪನ್ನೂ ವೈರಿಂಗನ್ನೂ ಬಿಡಿಸಿ ಪಕ್ಕಕ್ಕೆ ಕಟ್ಟಿದೆವು. ಬ್ರೇಕ್ ಪೈಪು ಕ್ಲಿಪ್ಪಿನ ಕೆಳಗೆ ಉಗುರಿನಿಂದ ಕೆರೆದರೆ ಉದುರುವಂತಿತ್ತು, ಅದನ್ನು ಹೊಸದಾಗಿಯೇ ಹಾಕಿಸಿದೆ. ಗಾಡಿಯನ್ನು ನಿಲ್ಲಿಸಿದ್ದು ಜ್ಯಾಕಿನ ಮೇಲಲ್ಲ, ಆರು ಸ್ಟ್ಯಾಂಡುಗಳ ಮೇಲೆ. ತುಕ್ಕು ತಿಂದ ತೊಲೆಯನ್ನು ಕತ್ತರಿಸಿದ ಕ್ಷಣದಲ್ಲಿ ಅದು ಎತ್ತ ಬೇಕಾದರೂ ವಾಲಬಹುದಾದ್ದರಿಂದ ಕತ್ತರಿಸುವ ಜಾಗದ ಎರಡೂ ಬದಿಗೆ ಆಧಾರ ಇರಲೇಬೇಕು.

ಆಮೇಲೆ ಗೌಂಡಿಗಳ ತೂಗುಗುಂಡು ತಂದು, ಎರಡೂ ತೊಲೆಗಳ ಮೇಲೆ ಮುಂದೆರಡು ಹಿಂದೆರಡು ಕಂಪನಿಯ ತೂತುಗಳನ್ನು ಆರಿಸಿ, ಅವುಗಳ ನೇರಕ್ಕೆ ಸಿಮೆಂಟ್ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆದೆವು. ಎರಡು ಕರ್ಣಗಳ ವ್ಯತ್ಯಾಸ 2 ಮಿ.ಮೀ. ಮಾತ್ರ, ಅಂದರೆ ಚಾಸಿ ಅಡ್ಡಕ್ಕೆ ತಿರುಚಿಕೊಂಡಿರಲಿಲ್ಲ. ತೊಲೆಯ ಗುಂಟ ಬಿಗಿಯಾಗಿ ದಾರ ಕಟ್ಟಿದಾಗ ಮಾತ್ರ ಎಡದ ತೊಲೆ ಹ್ಯಾಂಗರ್ ಮುಂದೆ 6 ಮಿ.ಮೀ. ಇಳಿದಿರುವುದು ಕಂಡಿತು. ಜ್ಯಾಕನ್ನು ಕಾಲು ಸುತ್ತಿನಂತೆ ಏರಿಸುತ್ತ, ಪ್ರತಿ ಸಲ ಹತ್ತು ನಿಮಿಷ ಬಿಡುತ್ತ, ದಾರ ತಾಗುವ ತನಕ ಅದನ್ನು ಮೇಲೆತ್ತಿದೆವು.

ತೊಳೆಯುವ ಕೆಲಸವನ್ನು ಬಹಳ ಜನ ಕೆಲಸವೆಂದೇ ಎಣಿಸುವುದಿಲ್ಲ. ಆದರೆ ತುಕ್ಕಿನ ಗುಂಡಿಗಳಲ್ಲಿ ಉಳಿದ ಉಪ್ಪಿನ ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದು ಒಳಗಿನಿಂದಲೇ ಗುಳ್ಳೆ ಎದ್ದು ಬರುತ್ತದೆ. ಶೆಡ್ಡಿನ ಬೋರಿನ ನೀರು ಸವಳು, ಅದರಿಂದ ಉಪ್ಪು ತೊಳೆಯುವುದು ಕೆಸರಿನಿಂದ ಕೈ ತೊಳೆದಂತೆ. ಮಲಪ್ರಭೆಯ ನೀರು ಬರುವ ದಿನಕ್ಕಾಗಿ ಕಾದು, ಬ್ಯಾರೆಲ್ಲುಗಳಲ್ಲಿ ತುಂಬಿಟ್ಟು, ಪ್ರೆಶರ್ ವಾಷರಿನಿಂದ ಮೂರು ದಿನ ಮೂರು ಸಲ ತೊಳೆದೆವು. ಮಣ್ಣು ಕೂತು ಮುಚ್ಚಿಹೋದ ನೀರಿಳಿಯುವ ತೂತುಗಳನ್ನು ಸೈಕಲ್ ಕಡ್ಡಿಯಿಂದ ಚುಚ್ಚಿ ತೆರೆದಾಗ ಒಂದೊಂದರಿಂದಲೂ ಬೊಗಸೆ ಬೊಗಸೆ ಕೆಸರು ಬಂತು. ಅದರಲ್ಲಿ ಮೀನಿನ ಹುರುಪೆಯೂ ಇತ್ತು.

ಹ್ಯಾಂಗರ್ ಹತ್ತಿರ ಕಪ್ಪು ಬಣ್ಣದ ಕೆಳಗೆ ಒಂದು ಅಂಗೈಯಗಲದ ನಯವಾದ ಜಾಗವಿತ್ತು. ಸುತ್ತ ಎಲ್ಲ ಒರಟಾಗಿರುವಾಗ ಅದೊಂದೇ ನಯವಾಗಿತ್ತು. ಉಳಿಯಿಂದ ಒಂದು ಮೂಲೆ ಎಬ್ಬಿಸಿದರೆ ಮೊದಲು ಬಣ್ಣ, ಆಮೇಲೆ ಡೆಂಟಿಂಗಿನವರು ಬಳಸುವ ಪುಟ್ಟಿ, ಅದರ ಕೆಳಗೆ 2 ಮಿ.ಮೀ.ನ ಜಿಐ (ಸತು ಲೇಪಿಸಿದ) ತಗಡು, ಅದರ ನಾಲ್ಕು ಅಂಚಿಗೆ ಎಂಟು ಟಾಕಿ (ಚುಕ್ಕೆ ವೆಲ್ಡ್). ಗ್ರೈಂಡರಿನಿಂದ ಟಾಕಿಗಳನ್ನು ಸವೆಸಿ ತಗಡನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಕಟ್ಟಿದ ಬೆಲ್ಲದ ಪೆಂಟೆ ಒಡೆದಂತೆ ಕಂದು ಪದರಗಳು ಒಂದರ ಹಿಂದೊಂದು ನೆಲಕ್ಕೆ ಉದುರಿದವು. ಅವು ಪುಸ್ತಕದ ಹಾಳೆಗಳಂತೆ ಬಿಡಿಬಿಡಿಯಾಗಿದ್ದವು. ಕೊನೆಗೆ ಬೆಳಕು ಆಚೆಯಿಂದ ಈಚೆಗೆ ಬಂತು. ಹೊರತೊಲೆಯ ಒಳಗೆ ಬಲಕ್ಕೆಂದು ಕಂಪನಿ ಕೂಡಿಸಿದ ಇನ್ನೊಂದು ಚಾನೆಲ್ ಇತ್ತು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಎರಡು ಪದರಗಳ ಸಂದಿನಲ್ಲಿ ಅದು ಬೆಳೆದು, ಅವನ್ನು 8 ಮಿ.ಮೀ. ಅಗಲಿಸಿ, ನಡುವಿನ ಎರಡು ರಿವೆಟ್ಟುಗಳ ತಲೆಯನ್ನೇ ಕಿತ್ತುಹಾಕಿತ್ತು. ತೇಪೆ ಹಾಕಿದವನು ತೂತು ಮುಚ್ಚಿದ್ದ, ಭಾರವನ್ನು ಯಾರು ಹೊರಬೇಕು ಎಂದು ಕೇಳಿಕೊಂಡಿರಲಿಲ್ಲ. ತಗಡಿನ ಹಿಂದೆ ನೀರು ನಿಲ್ಲಲು ಹೊಸದೊಂದು ಮನೆಯನ್ನೂ ಕಟ್ಟಿಕೊಟ್ಟಿದ್ದ.

ಜಿಐ ತಗಡನ್ನು ಗ್ಯಾಸಿನಿಂದ ಕತ್ತರಿಸಬಾರದು. ಅದರ ಸತುವು ಸುಟ್ಟು ಏಳುವ ಬಿಳಿಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಹಿಡಿಯುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಶೆಡ್ಡುಗಳಲ್ಲೆಲ್ಲ ಇದೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ.

ಒಳ್ಳೆಯ ಕಬ್ಬಿಣ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತುಮಾಡಿಕೊಳ್ಳುವುದೇ ಈ ಇಡೀ ಕೆಲಸದ ಮುಖ್ಯ ಭಾಗ, ವೆಲ್ಡಿಂಗ್ ಅದರ ಮುಂದೆ ಚಿಕ್ಕದು. ಕೈಗಾರಿಕಾ ವಸಾಹತಿನ ಪರಿಚಯದವರಿಂದ ಶಬ್ದತರಂಗದ ದಪ್ಪಮಾಪಕವನ್ನು ಎರಡು ದಿನಕ್ಕೆ ಎರವಲು ತಂದೆ. ಬಣ್ಣ ತೆಗೆದು ಗ್ಲಿಸರಿನ್ ಹಚ್ಚಿ ಮೊನೆಯನ್ನು ಒತ್ತಿದರೆ ಅದು ಆಚೆ ಬದಿಯನ್ನು ಮುಟ್ಟದೆಯೇ ತಗಡಿನ ದಪ್ಪ ಹೇಳುತ್ತದೆ. ಆಚೆ ಬದಿ ಗುಂಡಿಗುಂಡಿಯಾಗಿದ್ದರೆ ಅಂಕಿ ಹಾರಾಡುತ್ತದೆ, ಆಗ ಸುತ್ತಲಿನ ನಾಲ್ಕಾರು ಅಳತೆಗಳಲ್ಲಿ ಅತಿ ಕಡಿಮೆಯದನ್ನೇ ನಂಬಬೇಕು. ಕ್ಯಾಬಿನ್ ಕೆಳಗೆ 3.9 ಮಿ.ಮೀ. ಸಿಕ್ಕಿತು, ಅಂದರೆ ಮೂಲ ತಗಡು 4 ಮಿ.ಮೀ. ಹ್ಯಾಂಗರ್ ಹತ್ತಿರದ ಕೆಳಮಡಿಕೆಯಲ್ಲಿ 1.6, ನಿಂತ ಪಟ್ಟಿಯ ಕೆಳಭಾಗದಲ್ಲಿ 2.3, ಅಲ್ಲಿಂದ ಮುಂದಕ್ಕೆ 140 ಮಿ.ಮೀ. ಸರಿದರೆ 3.0, ಇನ್ನೂ 70 ಸರಿದರೆ 3.7. ಕಣ್ಣಿಗೆ ಕಂಡ ತೂತು 70 ಮಿ.ಮೀ. ಉದ್ದದ್ದು, ಕತ್ತರಿಸಿ ತೆಗೆಯಬೇಕಾದದ್ದು 340 ಮಿ.ಮೀ. ಬಲದ ತೊಲೆಯಲ್ಲಿ ಅತಿ ತೆಳುವಾದ ಜಾಗ 3.1. ಮೂರಕ್ಕಿಂತ ಕಡಿಮೆಯಾದದ್ದನ್ನು ಉಳಿಸಬಾರದು ಎಂದು ನಾವು ಹಾಕಿಕೊಂಡ ಗೆರೆಯನ್ನು ಅದು ಕೂದಲೆಳೆಯಲ್ಲಿ ದಾಟಿತು.

ಕತ್ತರಿಸುವ ಆಕಾರದ ಬಗ್ಗೆ ಒಂದು ಇಡೀ ಸಂಜೆ ಚರ್ಚೆಯಾಯಿತು. ಸಿ-ಚಾನೆಲ್ಲಿನ ತೊಲೆ ಬಾಗುವಾಗ ಹೆಚ್ಚಿನ ಒತ್ತಡವನ್ನು ಹೊರುವುದು ಮೇಲಿನ ಮತ್ತು ಕೆಳಗಿನ ಮಡಿಕೆಗಳು. ನಿಂತ ಪಟ್ಟಿ ಅವೆರಡನ್ನೂ ದೂರ ಹಿಡಿದಿಡುತ್ತದೆ. ಎರಡು ಆಕ್ಸಲ್ಲುಗಳ ನಡುವೆ ಭಾರ ಬಿದ್ದಾಗ ಕೆಳಮಡಿಕೆ ಎಳೆತಕ್ಕೆ ಸಿಗುತ್ತದೆ, ಮೇಲ್ಮಡಿಕೆ ಒತ್ತಕ್ಕೆ ಸಿಗುತ್ತದೆ, ಬಿರುಕು ಹುಟ್ಟುವುದು ಎಳೆತದ ಕಡೆ. ಆದ್ದರಿಂದ ಆ ಮಡಿಕೆಗೆ ಅಡ್ಡಲಾಗಿ, ಕತ್ತಿಯಿಂದ ಹೊಡೆದಂತೆ ನೇರಕ್ಕೆ ಒಂದು ವೆಲ್ಡ್ ಎಳೆದರೆ ಮುಂದಿನ ಬಿರುಕಿಗೆ ನಾವೇ ಗೆರೆ ಹಾಕಿಕೊಟ್ಟಂತಾಗುತ್ತದೆ, ವೆಲ್ಡಿನ ಬಿಸಿಗೆ ಬದಲಾದ ಕಬ್ಬಿಣವೆಲ್ಲ ಒಂದೇ ಸಾಲಿನಲ್ಲಿ ಬೀಳುತ್ತದೆ. ಎರಡೂ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದೆವು, ಮೂಲೆಗಳನ್ನೆಲ್ಲ ಎಂಟಾಣೆ ಇಟ್ಟು ದುಂಡಗೆ ಗುರುತು ಮಾಡಿದೆವು. ಮೇಲ್ಮಡಿಕೆ 3.6 ಇದ್ದದ್ದರಿಂದ ಅದನ್ನು ಮುಟ್ಟಲಿಲ್ಲ. ಅದು ಉಳಿದದ್ದು ದೊಡ್ಡ ಅನುಕೂಲ, ಏಕೆಂದರೆ ತೊಲೆ ಪೂರ್ತಿ ತುಂಡಾಗದೆ ತನ್ನ ನೇರವನ್ನು ತಾನೇ ಹಿಡಿದುಕೊಂಡಿತು.

ಬೀಜದ ಪೆಟ್ಟಿಗೆಯ ರಟ್ಟಿನಲ್ಲಿ ಮಾದರಿ ಕತ್ತರಿಸಿ, ತೊಲೆಗೆ ಕೂಡಿಸಿ ನೋಡಿ, ಅದರ ಮೇಲೆ 4 ಮಿ.ಮೀ. ಪ್ಲೇಟ್ ಗುರುತು ಮಾಡಿದೆವು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ಲೇಟು ಐಎಸ್ 2062 ಎಂಬ ಭಾರತೀಯ ಮಾನಕದ ಇ250 ದರ್ಜೆಯದು, ಅದರ ಸಹನೆಯ ಮಿತಿ, ಅಂದರೆ ಅದು ಮರಳದಂತೆ ಬಾಗತೊಡಗುವ ಒತ್ತಡ, 250 ಮೆಗಾಪ್ಯಾಸ್ಕಲ್. ಚಾಸಿಗೆಂದೇ ಮಾಡುವ ಉಕ್ಕು ಸಾಮಾನ್ಯವಾಗಿ ಇದಕ್ಕಿಂತ ಗಟ್ಟಿ. ಈ ಕೊರತೆಯನ್ನು ತುಂಬಲು ಒಳಗಡೆ 5 ಮಿ.ಮೀ. ದಪ್ಪದ, 620 ಮಿ.ಮೀ. ಉದ್ದದ, ಬಲ ಕೊಡುವ ಚಾನೆಲ್ ಕೂಡಿಸುವುದೆಂದು ತೀರ್ಮಾನಿಸಿದೆವು. ಕತ್ತರಿಸಿದ ಜಾಗಕ್ಕಿಂತ ಎರಡೂ ಕಡೆ 140 ಮಿ.ಮೀ. ಹೆಚ್ಚು ಚಾಚುವ ಅದರ ತುದಿಗಳು ಈಟಿಯಂತೆ ಮೊನಚಾಗಿರಬೇಕು, ಇಲ್ಲವಾದರೆ ದಪ್ಪ ತೊಲೆ ಮುಗಿದು ತೆಳು ತೊಲೆ ಶುರುವಾಗುವ ಗೆರೆಯಲ್ಲೇ ಬಾಗುವಿಕೆಯೆಲ್ಲ ಸೇರಿಕೊಳ್ಳುತ್ತದೆ. ತಾರಿಹಾಳದ ಒಂದು ಪ್ರೆಸ್ಸಿನಲ್ಲಿ ಎರಡನ್ನೂ ಮಡಿಸಿಕೊಟ್ಟರು. ಒಳತ್ರಿಜ್ಯ ಪ್ಲೇಟಿನ ದಪ್ಪಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕೆಂದು ಎರಡು ಸಲ ಹೇಳಿ ಬಂದಿದ್ದೆ, ಚೂಪಾಗಿ ಮಡಿಸಿದರೆ ಹೊರಮೈ ಸೀಳುತ್ತದೆ.

ವೆಲ್ಡಿಂಗಿಗೆ ಸಿಒಟು (ಇಂಗಾಲದ ಡೈಆಕ್ಸೈಡ್ ಗ್ಯಾಸಿನ) ಮಷೀನು, 0.8 ಮಿ.ಮೀ.ನ ಇಆರ್70ಎಸ್-6 ತಂತಿ, 140 ಆಂಪಿಯರ್ ಆಸುಪಾಸು. ಅಂಚುಗಳನ್ನು ಓರೆ ಮಾಡಿ, 2 ಮಿ.ಮೀ. ಸಂದು ಬಿಟ್ಟು, ಎರಡೂ ಬದಿಗೆ ಒಂದು ಇಂಚಿನಷ್ಟು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಅರ್ತಿಂಗ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ತುಂಡಿನ ಪಕ್ಕದಲ್ಲೇ ಹಾಕಿದೆವು. ಅದನ್ನು ಎಲ್ಲೋ ಚಕ್ರದ ಹತ್ತಿರ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹಾಯುತ್ತದೆ.

ಇಲ್ಲಿ ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು ಗಾಳಿ. ಏಪ್ರಿಲ್ ಮಧ್ಯಾಹ್ನ ಬಯಲಿನಿಂದ ಬೀಸುವ ಬಿಸಿಗಾಳಿ ಶೆಡ್ಡಿನ ತೆರೆದ ಬಾಗಿಲಿನಿಂದ ಒಳಗೆ ಬಂದು ಸಿಒಟು ಗ್ಯಾಸಿನ ಮುಸುಕನ್ನು ಹಾರಿಸಿಕೊಂಡು ಹೋಗುತ್ತಿತ್ತು. ಮೇಲೆ ಚೆನ್ನಾಗಿ ಕಂಡ ವೆಲ್ಡನ್ನು ಗ್ರೈಂಡ್ ಮಾಡಿದರೆ ಒಳಗೆ ಮುರಿದ ಇಡ್ಲಿಯಂತೆ ತೂತುತೂತು. ಪೂರ್ತಿ ಕೊರೆದು ತೆಗೆದು, ಬಾಗಿಲಿಗೆ ತಾಡಪತ್ರಿ ಕಟ್ಟಿ ಮತ್ತೆ ಶುರುಮಾಡಿದೆ. ಎರಡನೆಯದು ಅವಸರ. ಸ್ನೇಹಿತರು ಚಹಾಕ್ಕೆ ಹೋದ ಹೊತ್ತಿನಲ್ಲಿ ಕೆಳಗಿನ ಉದ್ದ ಹೊಲಿಗೆಯನ್ನು ಒಂದೇ ಏಟಿಗೆ ಎಳೆದುಬಿಟ್ಟೆ. ಅವರು ಬಂದು ಏನೂ ಮಾತಾಡದೆ ದಾರ ಕಟ್ಟಿದರು. ಕೆಳಬದಿಯ ವೆಲ್ಡ್ ಆರುತ್ತ ಕುಗ್ಗಿ, ತೊಲೆಯ ನಡು 3 ಮಿ.ಮೀ. ಮೇಲಕ್ಕೆ ಗೂನಾಗಿತ್ತು. ಮೊದಲು ಇಳಿದಿದ್ದ ತೊಲೆ ಈಗ ಏರಿತ್ತು. 1 ಮಿ.ಮೀ.ನ ಕಟಿಂಗ್ ವ್ಹೀಲಿನಿಂದ ಆ ಹೊಲಿಗೆಯನ್ನು ಬಿಚ್ಚಿ, ತೊಲೆಯನ್ನು ದಾರದ ನೇರಕ್ಕೆ ತಂದು, ಈ ಸಲ 25 ಮಿ.ಮೀ.ನ ತುಂಡುತುಂಡು ಹೊಲಿಗೆ ಹಾಕಿದೆ. ಒಂದು ಈ ತುದಿಯಲ್ಲಿ ಹಾಕಿದರೆ ಮುಂದಿನದು ಆ ತುದಿಯಲ್ಲಿ, ಕೈ ಇಟ್ಟರೆ ತಾಳುವಷ್ಟು ಆರಿದ ಮೇಲೆಯೇ ಇನ್ನೊಂದು. ಒಂದೂವರೆ ಅಡಿ ವೆಲ್ಡಿಗೆ ಮೂರು ತಾಸು ಹಿಡಿಯಿತು. ದಾರ ಆಮೇಲೆ ಅರ್ಧ ಮಿ.ಮೀ. ತೋರಿಸಿತು. ಆ ಸಂಜೆ ಕೆಲಸ ಬಿಟ್ಟ ಮುಕ್ಕಾಲು ಗಂಟೆಯ ಮೇಲೆ, ತೊಲೆಯ ಒಳಗೆ ಅಂಟಿದ್ದ ಹಳೆಯ ಎಣ್ಣೆಮಣ್ಣಿನ ಗಡ್ಡೆಯೊಂದು ಸಣ್ಣಗೆ ಹೊಗೆಯಾಡತೊಡಗಿದ್ದನ್ನು ಕಂಡು ನೀರು ಹಾಕಿದೆವು. ಅಂದಿನಿಂದ ವೆಲ್ಡಿಂಗ್ ಮುಗಿದ ಮೇಲೆ ಒಂದು ತಾಸು ಯಾರಾದರೊಬ್ಬರು ಅಲ್ಲೇ ಕೂರುವ ಕ್ರಮವಾಯಿತು.

ಒಳಗಿನ, ಬಲ ಕೊಡುವ ಚಾನೆಲ್ಲನ್ನು ಕೂಡಿಸುವ ಮೊದಲು ತೊಲೆಯ ವೆಲ್ಡನ್ನು ಸಮಮಟ್ಟಕ್ಕೆ ಉಜ್ಜಿ, ಎರಡೂ ಮುಖಕ್ಕೆ ಪ್ರೈಮರ್ ಹಚ್ಚಿ, ವೆಲ್ಡ್ ಬೀಳುವ ಜಾಗಗಳನ್ನು ಮಾತ್ರ ಬೋಳಾಗಿ ಬಿಟ್ಟೆವು. ಚಾನೆಲ್ಲಿನ ನಿಂತ ಪಟ್ಟಿಯಲ್ಲಿ 16 ಮಿ.ಮೀ. ತೂತು ಕೊರೆದು ಅವುಗಳ ಮೂಲಕ ವೆಲ್ಡ್ ತುಂಬಿದೆವು, ಉದ್ದದ ಅಂಚಿಗೆ ಬಿಟ್ಟುಬಿಟ್ಟು ಹೊಲಿಗೆ ಹಾಕಿದೆವು. ಮಡಿಕೆಗಳ ಮೇಲೆ ಅಡ್ಡ ವೆಲ್ಡೂ ಇಲ್ಲ, ಹೊಸ ತೂತೂ ಇಲ್ಲ. ಹ್ಯಾಂಗರಿನ ಹಳೆಯ ರಿವೆಟ್ಟುಗಳ ತೂತುಗಳನ್ನು ರೀಮರ್ ಹಾಕಿ 12 ಮಿ.ಮೀ.ಗೆ ದುಂಡಗೆ ಮಾಡಿ, 8.8 ದರ್ಜೆಯ ಬೋಲ್ಟುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂಡಿಸುವಷ್ಟು ಬಿಗಿಯಾಗಿ ಹಾಕಿದೆವು. ಟಾರ್ಕ್ 80 ನ್ಯೂಟನ್ ಮೀಟರ್. ಬೋಲ್ಟು ತೂತಿನಲ್ಲಿ ಗಿಲಗಿಲ ಆಡುವಂತಿದ್ದರೆ ಎಷ್ಟು ಬಿಗಿದರೂ ಅದು ರಿವೆಟ್ಟಿನ ಕೆಲಸ ಮಾಡುವುದಿಲ್ಲ.

ಬಿರುಕಿನ ಪರೀಕ್ಷೆಗೆ ಬಣ್ಣದ ಸ್ಪ್ರೇ ಕಿಟ್ ತರುತ್ತೇನೆ ಎಂದೆ. ಸ್ನೇಹಿತರು ಕೇಳಲಿಲ್ಲ, ರೈಲ್ವೆಯ ಹಳೆಯ ವಿಧಾನವನ್ನೇ ಮಾಡಿ ತೋರಿಸಿದರು. ವೆಲ್ಡಿನ ಮೇಲೆ ಡೀಸೆಲ್ ಸವರಿ ಅರ್ಧ ತಾಸು ಬಿಟ್ಟು, ಬಟ್ಟೆಯಿಂದ ಪೂರ್ತಿ ಒಣಗುವಂತೆ ಒರೆಸಿ, ಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ತೆಳ್ಳಗೆ ಬಳಿದರು. ಸ್ಪಿರಿಟ್ ಹಾರಿ ಬಿಳುಪು ಉಳಿಯಿತು. ಇಪ್ಪತ್ತು ನಿಮಿಷದ ಮೇಲೆ ಹಿಂದಿನ ತುದಿಯ ಒಂದು ವೆಲ್ಡಿನ ಕೊನೆಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಕಪ್ಪು ಗೆರೆ ಮೂಡಿತು. ವೆಲ್ಡ್ ನಿಲ್ಲಿಸುವಾಗ ಗುಂಡಿಯನ್ನು ತುಂಬದೆ ಕೈ ಎತ್ತಿದ್ದರಿಂದ ಆದ ಬಿರುಕು ಅದು. ಡೀಸೆಲ್ ಪೂರ್ತಿ ತೊಳೆದು, ಕೊರೆದು, ಮತ್ತೆ ತುಂಬಿದೆ.

ಉಳಿದ ಚಾಸಿಯ ತುಕ್ಕನ್ನು ತಂತಿಬ್ರಶ್ಶಿನಿಂದ ಉಜ್ಜಿದ ಮೇಲೂ ಗುಂಡಿಗಳಲ್ಲಿ ಉಳಿದದ್ದಕ್ಕೆ ಟ್ಯಾನಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿದೆ. ಹಚ್ಚಿದ ಕೆಲ ನಿಮಿಷಗಳಲ್ಲಿ ಕಂದು ಬಣ್ಣ ನೀಲಿಗಪ್ಪಾಗುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ರಸಾಯನ. ಅದು ಗುಂಡಿಯ ತಳದ ತೆಳು ತುಕ್ಕಿಗೆ ಮಾತ್ರ ಮದ್ದು, ಹಪ್ಪಳದಂತೆ ಏಳುವ ತುಕ್ಕಿನ ಮೇಲೆ ಹಚ್ಚಿದರೆ ಹಪ್ಪಳದ ಮೇಲ್ಮೈ ಕಪ್ಪಾಗುತ್ತದೆ, ಅಷ್ಟೇ. ಅದರ ಮೇಲೆ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಎರಡು ಕೈ, ಆಮೇಲೆ ಕಪ್ಪು ಪಿಯು (ಪಾಲಿಯುರೆಥೇನ್) ಬಣ್ಣ. ಹವೆಯ ಬಿಸಿ ಹತ್ತು ಡಿಗ್ರಿ ಏರಿದರೆ ಕಲಸಿದ ಎಪಾಕ್ಸಿ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ, ಆದ್ದರಿಂದ ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತರೊಳಗೆ, ಒಂದು ಲೋಟದಷ್ಟನ್ನೇ ಕಲಸಿಕೊಂಡು ಹೊಡೆಯಬೇಕಾಯಿತು. ತೊಲೆಯ ಒಳಸಂದುಗಳಿಗೆ ಉದ್ದ ನಳಿಕೆಯ ಗನ್ನಿನಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹಾರಿಸಿದೆ. ನಮ್ಮ ಕಡೆ ಇದಕ್ಕೆ ಎಂಜಿನ್ನಿನ ಸುಟ್ಟ ಆಯಿಲ್ ಬಳಿಯುವ ರೂಢಿಯಿದೆ. ಅದರಲ್ಲಿ ಆಮ್ಲವೂ ಸೇರಿರುತ್ತದೆ, ಪಾಟಾದ ರಬ್ಬರ್ ಬುಷ್ಷುಗಳು ಅದನ್ನು ಕುಡಿದು ಉಬ್ಬುತ್ತವೆ, ಎರೆಮಣ್ಣಿನ ಧೂಳು ಅದಕ್ಕೆ ಅಂಟಿ ಮತ್ತೆ ಅದೇ ಒದ್ದೆ ಗಡ್ಡೆಯಾಗುತ್ತದೆ. ಬಾಡಿಯ ಕೆಳಗಿನ ಕಟ್ಟಿಗೆಯ ಪಟ್ಟಿಯನ್ನು ಎಸೆದು ದಪ್ಪ ರಬ್ಬರ್ ತುಂಡುಗಳನ್ನು ಬಿಟ್ಟುಬಿಟ್ಟು ಇಟ್ಟೆವು, ನಡುವೆ ಗಾಳಿಯೂ ಹಾಯಬೇಕು, ಬಿದ್ದ ನೀರೂ ಹರಿದುಹೋಗಬೇಕು.

ಒಟ್ಟು ಖರ್ಚು 21,600 ರೂಪಾಯಿ, ಅದರಲ್ಲಿ ಬಣ್ಣ ಮತ್ತು ವ್ಯಾಕ್ಸಿನದೇ ದೊಡ್ಡ ಪಾಲು, ಪ್ಲೇಟು ಮತ್ತು ಮಡಿಕೆಯ ಖರ್ಚು ಎರಡು ಸಾವಿರವೂ ದಾಟಲಿಲ್ಲ. ಸ್ನೇಹಿತರು ಕೂಲಿ ತೆಗೆದುಕೊಳ್ಳಲಿಲ್ಲ, ಡಬ್ಬಿ ತಳಿಯ ಹತ್ತು ಕಿಲೋ ಮೆಣಸಿನಕಾಯಿ ಒಪ್ಪಿಕೊಂಡರು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಆಗಬೇಕು. ಮೇ ತಿಂಗಳ ಎಫ್‌ಸಿಗೆ ಒಯ್ಯುವ ಮುನ್ನ ಅದೇ 1,200 ಕಿಲೋ ಹೇರಿ ಅದೇ ಸಿಡಿಯ ಮೇಲೆ ಮೂರು ಸಲ ಓಡಿಸಿದೆ. ಕ್ಯಾಬಿನ್ನಿನ ಹಿಂದಿನ ಸಂದು ಮೇಲೂ ಕೆಳಗೂ ಮೂರು ಬೆರಳೇ ಇತ್ತು. ಐನೂರು ಕಿಲೋಮೀಟರ್ ಆದ ಮೇಲೆ ಬೋಲ್ಟುಗಳಿಗೆ ಮತ್ತೆ ಟಾರ್ಕ್ ಪಾನಾ ಹಾಕಿದಾಗ ಎರಡು ಮಾತ್ರ ಕಾಲು ಸುತ್ತು ಹೋದವು.

ಮೃಗಶಿರಾ ಮಳೆ ಹೊಡೆದು ಎರೆಹೊಲದ ದಾರಿಯಲ್ಲಿ ವಾರ ಓಡಾಡಿದ ಮೇಲೆ ಗಾಡಿಯನ್ನು ತೊಳೆದು ಕೆಳಗೆ ಮಲಗಿ ನೋಡಿದೆ. ಎಡದ ತೊಲೆಯ ತೂತುಗಳಿಂದ ನೀರು ಶುದ್ಧವಾಗಿ ಇಳಿಯುತ್ತಿತ್ತು. ಬಲಗಡೆ, ಮಾಪಕ 3.1 ತೋರಿಸಿದ್ದ ಜಾಗದಿಂದ ಒಂದು ಗೇಣು ಹಿಂದೆ, ರಿವೆಟ್ಟಿನ ತಲೆಯ ಕೆಳಗಿನಿಂದ ಚಹಾದ ಬಣ್ಣದ ಒಂದು ಎಳೆ ಇಳಿದಿತ್ತು. ಅದನ್ನು ಒರೆಸಿ, ಸುತ್ತ ಹಳದಿ ಬಣ್ಣದಲ್ಲಿ ಉಂಗುರ ಬರೆದು, ತಾರೀಖು ಹಾಕಿದ್ದೇನೆ. ಸುಗ್ಗಿ ಮುಗಿದ ಕೂಡಲೇ ಮಾಪಕವನ್ನು ಮತ್ತೆ ಎರವಲು ತರಬೇಕು.